ಮೋಲ್ಡ್ ಹಾಕೋ ಮುಂಚೆ: ‘ಗ್ರೀನ್ ಕಾಂಕ್ರೀಟ್’ ಅಂದರೆ ಏನು, ಅದರ ಹೊಣೆ ಯಾರದು?

ತುಮಕೂರಿನಲ್ಲಿ ಮನೆ ಕಟ್ಟಿಸುತ್ತಿರುವ ನಮ್ಮ ಚಿಕ್ಕಪ್ಪ ಹೋದ ತಿಂಗಳು ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದರು. ಮೊದಲನೇ ಮಹಡಿಗೆ ಮೋಲ್ಡ್, ಅಂದರೆ ಕಾಂಕ್ರೀಟ್ ಚಾವಣಿ, ಹಾಕಬೇಕು. ಮೇಸ್ತ್ರಿ ಸೈಟಿನಲ್ಲೇ ಮಿಕ್ಸರ್ ಇಟ್ಟು ಕಲಸೋಣ ಅಂತಾನೆ, ಮಗ ಪ್ಲಾಂಟಿನಲ್ಲೇ ಕಲಸಿ ಕಳಿಸುವ ರೆಡಿಮಿಕ್ಸ್ ಲಾರಿ ತರಿಸೋಣ ಅಂತಾನೆ. ಅಷ್ಟರಲ್ಲಿ ರೆಡಿಮಿಕ್ಸ್ ಕಂಪನಿಯ ಹುಡುಗನೊಬ್ಬ ಬಂದು ‘ಗ್ರೀನ್ ಕಾಂಕ್ರೀಟ್ ಕೊಡ್ತೀವಿ ಸಾರ್’ ಅಂತ ಒಂದು ಹಾಳೆ ಕೊಟ್ಟು ಹೋಗಿದ್ದಾನೆ. ಚಿಕ್ಕಪ್ಪನ ಪ್ರಶ್ನೆ ಇಷ್ಟೆ: “ಹಸಿರು ಬಣ್ಣ ಏನಾದ್ರೂ ಬೆರೆಸಿರ್ತಾರೇನೋ? ಬೂದಿ ಹಾಕಿರ್ತಾರೆ ಅಂತ ಮೇಸ್ತ್ರಿ ಹೇಳ್ತಾನೆ. ದುಡ್ಡು ಕೊಟ್ಟು ಬೂದಿ ಯಾಕಪ್ಪ ತಗೋಬೇಕು ನಾನು?”

ನಕ್ಕೆ. ಆದರೆ ಪ್ರಶ್ನೆ ಸರಿಯಾಗೇ ಇದೆ. ಸೈಟ್ ಕೊಳ್ಳುವಾಗ ನೂರು ಜನರನ್ನು ಕೇಳುತ್ತೇವೆ, ಟೈಲ್ಸ್ ಆರಿಸಲು ನಾಲ್ಕು ಅಂಗಡಿ ಸುತ್ತುತ್ತೇವೆ. ಮನೆಯನ್ನು ನಿಲ್ಲಿಸುವ ಕಾಂಕ್ರೀಟಿನ ವಿಷಯ ಬಂದರೆ ಮಾತ್ರ ‘ಮೇಸ್ತ್ರಿಗೆ ಗೊತ್ತು ಬಿಡಿ’. ಹಾಗಾಗಿ ಅವತ್ತು ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಬುಡದಿಂದ ಬರೆಯುತ್ತಿದ್ದೇನೆ.

ಸಿಮೆಂಟ್ ಬೇರೆ, ಕಾಂಕ್ರೀಟ್ ಬೇರೆ

ಎರಡನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ. ಕಡಲೆಬೀಜದ ಚಿಕ್ಕಿ ನೆನಪಿಸಿಕೊಳ್ಳಿ. ಕಡಲೆಬೀಜವೇ ಹೆಚ್ಚು, ಅದನ್ನು ಹಿಡಿದಿಡುವುದು ಬೆಲ್ಲದ ಪಾಕ. ಕಾಂಕ್ರೀಟಿನಲ್ಲಿ ಜಲ್ಲಿ ಮತ್ತು ಮರಳು ಕಡಲೆಬೀಜದ ಜಾಗದಲ್ಲಿವೆ, ಸಿಮೆಂಟ್ ಮತ್ತು ನೀರು ಸೇರಿ ಪಾಕ. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2,400 ಕೆಜಿ ತೂಗುತ್ತದೆ. ಮನೆಯ ಮೋಲ್ಡಿಗೆ ಹಾಕುವ ಸಾಮಾನ್ಯ ಕಾಂಕ್ರೀಟ್ ಆದರೆ ಅದರಲ್ಲಿ ಸಿಮೆಂಟ್ ಸುಮಾರು 320 ಕೆಜಿ, ಅಂದರೆ ಆರೂವರೆ ಚೀಲದ ಹತ್ತಿರ. ಉಳಿದದ್ದೆಲ್ಲ ಕಲ್ಲು, ಮರಳು, ನೀರು.

‘ಎಂ20’, ‘ಎಂ25’ ಅಂತ ಕೇಳಿರುತ್ತೀರಿ. ಎಂ ಅಂದರೆ ಮಿಕ್ಸ್. 20 ಅನ್ನುವುದು ತಾಕತ್ತಿನ ಅಳತೆ. 15 ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಒಂದು ಕ್ಯೂಬ್ ಮಾಡಿ, 28 ದಿನ ನೀರಿನಲ್ಲಿಟ್ಟು, ಆಮೇಲೆ ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ, ಅಂದರೆ ಹೆಚ್ಚುಕಡಿಮೆ 2 ಕೆಜಿ ಭಾರ ತಡೆದರೆ ಅದು ಎಂ20. ಒಂದು ಸಾಸಿವೆ ಕಾಳಿನಷ್ಟೂ ಇಲ್ಲದ ಜಾಗದ ಮೇಲೆ ಎರಡು ಕೆಜಿ ಅಕ್ಕಿ ಇಟ್ಟ ಹಾಗೆ.

ತೊಂದರೆ ಎಲ್ಲಿದೆ? ಪಾಕದಲ್ಲಿ

ಜಗತ್ತಿನಲ್ಲಿ ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ಸಿಮೆಂಟ್ ಉತ್ಪಾದನೆಯಲ್ಲಿ ಚೀನಾ ಮೊದಲು, ನಾವು ಎರಡನೆಯವರು. ಕಾಂಕ್ರೀಟಿನ ತೂಕದಲ್ಲಿ ಏಳನೇ ಒಂದು ಪಾಲೂ ಇಲ್ಲದ ಸಿಮೆಂಟು, ಕಾಂಕ್ರೀಟಿನ ಹೊಗೆಯಲ್ಲಿ ಬಹುಪಾಲು ಹೊತ್ತಿದೆ.

ಯಾಕೆ ಹೀಗೆ? ಸುಣ್ಣದ ಗೂಡು ನೋಡಿದವರಿಗೆ ಇದು ಸಲೀಸಾಗಿ ಅರ್ಥವಾಗುತ್ತದೆ. ಕಪ್ಪೆಚಿಪ್ಪನ್ನೋ ಸುಣ್ಣದಕಲ್ಲನ್ನೋ ಗೂಡಿನಲ್ಲಿ ಸುಡುತ್ತಾರೆ. ಸುಟ್ಟ ಮೇಲೆ ಕೈಗೆತ್ತಿಕೊಂಡರೆ ಹಗುರ. ಆ ತೂಕ ಎಲ್ಲಿಗೆ ಹೋಯಿತು? ಗಾಳಿಗೆ ಹೋಯಿತು. ಸುಣ್ಣದಕಲ್ಲಿನೊಳಗೇ ಇಂಗಾಲದ ಡೈಆಕ್ಸೈಡ್ ಕಟ್ಟಿಕೊಂಡು ಕೂತಿರುತ್ತದೆ, ಕಾಯಿಸಿದರೆ ಬಿಟ್ಟುಕೊಡುತ್ತದೆ. ಶುದ್ಧ ಸುಣ್ಣದಕಲ್ಲು 100 ಕೆಜಿ ಸುಟ್ಟರೆ 56 ಕೆಜಿ ಸುಣ್ಣ ಉಳಿಯುತ್ತದೆ, 44 ಕೆಜಿ ಅನಿಲವಾಗಿ ಹಾರಿಹೋಗುತ್ತದೆ. ಎಲೆ ಅಡಿಕೆಯ ಸುಣ್ಣಕ್ಕೂ ಇದೇ ಲೆಕ್ಕ, ಸಿಮೆಂಟಿಗೂ ಇದೇ ಲೆಕ್ಕ.

ಸಿಮೆಂಟ್ ಕಾರ್ಖಾನೆಯಲ್ಲಿ ಸುಣ್ಣದಕಲ್ಲಿನ ಜೊತೆ ಜೇಡಿಮಣ್ಣು ಸೇರಿಸಿ, ಪುಡಿ ಮಾಡಿ, ಉದ್ದನೆಯ ತಿರುಗುವ ಕೊಳವೆಯಂಥ ಕುಲುಮೆಯಲ್ಲಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಕೊನೆಗೆ ಕಪ್ಪು ಬೂದು ಬಣ್ಣದ ಉಂಡೆಗಳು ಹೊರಬರುತ್ತವೆ. ಇವೇ ಕ್ಲಿಂಕರ್. ಕ್ಲಿಂಕರನ್ನು ಸ್ವಲ್ಪ ಜಿಪ್ಸಂ ಜೊತೆ ಅರೆದರೆ ಸಿಮೆಂಟ್. ಈ ಪದ ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಸುತ್ತಲೇ ಇದೆ.

ಕ್ಲಿಂಕರ್ ಮಾಡುವಾಗ ಹೊರಬರುವ ಇಂಗಾಲದ ಡೈಆಕ್ಸೈಡಿನಲ್ಲಿ ಹೆಚ್ಚುಕಡಿಮೆ ಶೇ. 60 ಕಲ್ಲಿನಿಂದಲೇ ಬರುತ್ತದೆ, ಉಳಿದದ್ದು ಕುಲುಮೆಗೆ ಹಾಕುವ ಕಲ್ಲಿದ್ದಲಿನಂಥ ಉರುವಲಿನಿಂದ. ನಾಳೆ ಕಾರ್ಖಾನೆಯವರು ಎಲ್ಲ ಯಂತ್ರವನ್ನೂ ಸೋಲಾರ್ ಕರೆಂಟಿನಲ್ಲಿ ಓಡಿಸಿದರೂ ಕಲ್ಲು ಬಿಡುವ ಅನಿಲ ಬಿಟ್ಟೇ ಬಿಡುತ್ತದೆ. ಕಾರನ್ನು ಎಲೆಕ್ಟ್ರಿಕ್ ಮಾಡಿದ ಹಾಗೆ ಸಿಮೆಂಟನ್ನು ಮಾಡಲು ಬರುವುದಿಲ್ಲ.

ಕಲಬುರಗಿ ಕಡೆಯವರಿಗೆ ಇದೆಲ್ಲ ಮನೆಬಾಗಿಲಿನ ವಿಷಯ. ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳು ಅಲ್ಲಿರುವುದಕ್ಕೆ ಕಾರಣ ಕಾಲ ಕೆಳಗಿನ ಸುಣ್ಣದಕಲ್ಲು. ನಮ್ಮ ಹಳೇ ಮನೆಗಳ ಅಡುಗೆಮನೆಗೆ ಹಾಸುತ್ತಿದ್ದ ಶಹಾಬಾದ್ ಕಲ್ಲು ಕೂಡ ಅದೇ ಜಾತಿಯದು.

ಹಾಗಾದರೆ ಬೂದಿ ಯಾಕೆ?

ಈಗ ಚಿಕ್ಕಪ್ಪನ ಪ್ರಶ್ನೆಗೆ ಬರೋಣ. ಹೊಗೆ ಇರುವುದು ಕ್ಲಿಂಕರಿನಲ್ಲಿ ಅಂತಾದರೆ ಮೊದಲು ತೋಚುವ ದಾರಿ ಕ್ಲಿಂಕರ್ ಕಡಿಮೆ ಮಾಡುವುದು. ಸುಮ್ನೆ ಕಡಿಮೆ ಮಾಡಿದರೆ ಪಾಕ ತೆಳುವಾಗುತ್ತದೆ. ಅದರ ಜಾಗದಲ್ಲಿ ಅದರ ಕೆಲಸ ಮಾಡುವ ಇನ್ನೊಂದು ಪುಡಿ ಬೇಕು. ಹೀಗೆ ಹೊಗೆ ಕಡಿಮೆ ಮಾಡಿದ ಕಾಂಕ್ರೀಟನ್ನೇ ಸಾಮಾನ್ಯವಾಗಿ ‘ಗ್ರೀನ್’ ಅನ್ನುವುದು.

ಆ ಪುಡಿಗಳಲ್ಲಿ ಮೊದಲನೆಯದು ಹಾರುಬೂದಿ, ಅಂದರೆ ಫ್ಲೈ ಆಶ್. ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿಯಂಥ ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದ ಮೇಲೆ ಹೊಗೆಯ ಜೊತೆ ಹಾರಿಹೋಗುವ ನುಣ್ಣನೆಯ ಬೂದಿ ಇದು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ಮೂರನೇ ಒಂದು ಪಾಲಿಗಿಂತ ಹೆಚ್ಚಿರುವುದೂ ಉಂಟು. ಮೊದಲೆಲ್ಲ ಇದನ್ನು ನೀರಿನಲ್ಲಿ ಕಲಸಿ ದೊಡ್ಡ ಹೊಂಡಗಳಿಗೆ ಬಿಡುತ್ತಿದ್ದರು, ಬೇಸಿಗೆಯಲ್ಲಿ ಒಣಗಿ ಊರ ಮೇಲೆ ಹಾರುತ್ತಿತ್ತು. ಬೂದಿಯನ್ನು ಬಳಸಲೇಬೇಕು ಅಂತ ಕೇಂದ್ರ ಸರ್ಕಾರ ಮೊದಲ ಅಧಿಸೂಚನೆ ಹೊರಡಿಸಿದ್ದು 1999ರಲ್ಲಿ. 2021ರ ಕೊನೆಯ ಅಧಿಸೂಚನೆ ಪೂರ್ತಿ ಬೂದಿಯನ್ನು ಉಪಯೋಗಿಸುವ ಹೊಣೆಯನ್ನು ವಿದ್ಯುತ್ ಸ್ಥಾವರಗಳ ಮೇಲೇ ಹಾಕಿತು.

ಎರಡನೆಯದು ಕಬ್ಬಿಣದ ಕಿಟ್ಟ, ಇಂಗ್ಲಿಷಿನವರ ಸ್ಲ್ಯಾಗ್. ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಯಲ್ಲಿ ಅದಿರು ಕರಗಿಸುವಾಗ ಮೇಲೆ ತೇಲುವ ಕಲ್ಮಶವನ್ನು ನೀರು ಹೊಡೆದು ತಟ್ಟನೆ ತಣ್ಣಗೆ ಮಾಡಿದರೆ ಮರಳಿನಂಥ ಕಾಳು ಸಿಗುತ್ತದೆ. ಅದನ್ನು ನುಣ್ಣಗೆ ಅರೆದರೆ ಸಿಮೆಂಟಿನ ಬದಲು ಹಾಕಬಹುದು.

ಅಂಗಡಿಯಲ್ಲಿ ಚೀಲದ ಮೇಲೆ ಕಾಣುವ ಅಕ್ಷರಗಳಿಗೆ ಅರ್ಥ ಇಲ್ಲೇ ಇದೆ. ಒಪಿಸಿ ಅಂದರೆ ಹೆಚ್ಚುಕಡಿಮೆ ಪೂರ್ತಿ ಕ್ಲಿಂಕರ್. ಪಿಪಿಸಿ ಅಂದರೆ ಹಾರುಬೂದಿ ಬೆರೆತ ಸಿಮೆಂಟ್, ಭಾರತೀಯ ಮಾನಕದ ಪ್ರಕಾರ ಬೂದಿ ಶೇ. 15ರಿಂದ 35ರವರೆಗೆ ಇರಬಹುದು. ಪಿಎಸ್‌ಸಿ ಅಂದರೆ ಕಿಟ್ಟ ಬೆರೆತದ್ದು, ಶೇ. 25ರಿಂದ 70ರವರೆಗೆ. ಬೂದಿ ಬೆರೆಸುವುದು ಕಳ್ಳತನ ಅಲ್ಲ, ಚೀಲದ ಮೇಲೆ ಬರೆದು ಮಾಡುವ ಕೆಲಸ. ಅಂಗಡಿಯವನೋ ಮೇಸ್ತ್ರಿಯೋ ಕದ್ದು ಬೆರೆಸಿದರೆ ಅದು ಕಲಬೆರಕೆ.

ಒಂದು ಚಿಕ್ಕ ಲೆಕ್ಕ. ಒಂದು ಕೆಜಿ ಕ್ಲಿಂಕರಿಗೆ ಹೆಚ್ಚುಕಡಿಮೆ 0.8 ಕೆಜಿ ಇಂಗಾಲದ ಡೈಆಕ್ಸೈಡ್ ಅಂತ ಹಿಡಿದರೆ, 50 ಕೆಜಿಯ ಒಪಿಸಿ ಚೀಲಕ್ಕೆ ಸುಮಾರು 40 ಕೆಜಿ. ಬೂದಿ ಚೆನ್ನಾಗಿ ಬೆರೆತ ಪಿಪಿಸಿ ಚೀಲಕ್ಕೆ 28 ಕೆಜಿ ಆಸುಪಾಸು. ಚಿಕ್ಕಪ್ಪನ ಮೋಲ್ಡು ಸಾವಿರ ಚದರಡಿ, ಐದು ಇಂಚು ದಪ್ಪ. ತೊಲೆ, ಪಿಲ್ಲರ್ ಬಿಟ್ಟು ಬರೀ ಚಾವಣಿಗೇ ಸುಮಾರು 75 ಚೀಲ ಬೇಕು. ಎರಡು ಬಗೆಯ ಚೀಲಗಳ ನಡುವಿನ ವ್ಯತ್ಯಾಸ 900 ಕೆಜಿ ಹತ್ತಿರ. ಅಂದರೆ 380 ಲೀಟರ್ ಪೆಟ್ರೋಲ್ ಉರಿಸಿದಾಗ ಬರುವಷ್ಟು. ಅವರ ಹಳೇ ಸ್ಕೂಟರಿಗೆ ಅಷ್ಟು ಪೆಟ್ರೋಲ್ ಹಾಕಲು ಎಷ್ಟು ವರ್ಷ ಬೇಕೋ, ಅವರೇ ಹೇಳಬೇಕು.

ಬೂದಿ ಸಿಮೆಂಟ್ ಗಟ್ಟಿ ಇರುತ್ತಾ?

ಇರುತ್ತದೆ, ಆದರೆ ನಿಧಾನಿ. ಸಿಮೆಂಟ್ ಒಣಗಿ ಗಟ್ಟಿಯಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಅದು ತಪ್ಪು. ಸಿಮೆಂಟ್ ನೀರು ಕುಡಿದು ಗಟ್ಟಿಯಾಗುತ್ತದೆ. ನೀರಿನ ಜೊತೆ ಸೇರಿ ಹೊಸ ಹರಳುಗಳು, ಅಂಟು ಹುಟ್ಟುತ್ತವೆ, ಜೊತೆಗೆ ಒಂದಷ್ಟು ಸುಣ್ಣ ಉಳಿದುಕೊಳ್ಳುತ್ತದೆ. ಕ್ಲಿಂಕರ್ ಮಟ್ಟಿಗೆ ಆ ಸುಣ್ಣ ಉಪಯೋಗಕ್ಕಿಲ್ಲದ್ದು. ಬೂದಿ ಮಾಡುವುದು ಏನೆಂದರೆ, ಆ ಉಳಿದ ಸುಣ್ಣದ ಜೊತೆ ನಿಧಾನವಾಗಿ ಸೇರಿ ಇನ್ನಷ್ಟು ಅಂಟು ಹುಟ್ಟಿಸುತ್ತದೆ. ಒಳಗಿನ ಸಣ್ಣ ಸಣ್ಣ ತೂತುಗಳು ತುಂಬಿಕೊಳ್ಳುತ್ತವೆ, ನೀರು ಇಳಿಯುವುದು ಕಡಿಮೆಯಾಗುತ್ತದೆ, ಕಂಬಿಗೆ ತುಕ್ಕು ತಡವಾಗುತ್ತದೆ.

ಆದರೆ ಈ ಎರಡನೇ ಕೆಲಸ ನಡೆಯಲು ದಿನ ಬೇಕು, ನೀರು ಬೇಕು. ಅದಕ್ಕೇ ನಮ್ಮ ಕಾಂಕ್ರೀಟ್ ಕೋಡ್ ಐಎಸ್ 456 ಒಪಿಸಿಗೆ ಕನಿಷ್ಠ 7 ದಿನ ಕ್ಯೂರಿಂಗ್ (ನೀರು ಹೊಡೆದು ಹಸಿಯಾಗಿಡುವುದು) ಬೇಕು ಅಂದರೆ, ಬೂದಿ ಅಥವಾ ಕಿಟ್ಟ ಬೆರೆತದ್ದಕ್ಕೆ ಕನಿಷ್ಠ 10 ದಿನ ಅನ್ನುತ್ತದೆ. ಬಿಸಿಲು, ಒಣಗಾಳಿ ಇದ್ದರೆ ಇನ್ನೂ ಜಾಸ್ತಿ, 14 ದಿನದವರೆಗೆ. ‘ಪಿಪಿಸಿ ಹಾಕಿದ್ವಿ, ಚೆನ್ನಾಗಿ ಬರಲಿಲ್ಲ’ ಅನ್ನುವ ಎಷ್ಟೋ ಮನೆಗಳಲ್ಲಿ ವಿಚಾರಿಸಿ ನೋಡಿ, ನಾಲ್ಕನೇ ದಿನಕ್ಕೇ ನೀರು ಹೊಡೆಯುವುದು ನಿಂತಿರುತ್ತದೆ. ನನ್ನ ಪ್ರಕಾರ ಅಲ್ಲಿ ಬೂದಿ ಮೇಲೆ ಹಾಕುವ ತಪ್ಪು ಪೈಪ್ ಹಿಡಿಯದವರ ಮೇಲೆ ಹೋಗಬೇಕು.

ಸುರ್ಕಿ ಮರಳಿ ಬಂತು

ಇಲ್ಲಿ ಸ್ವಲ್ಪ ನಿಲ್ಲಬೇಕು, ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸಿಮೆಂಟ್ ಅಲ್ಲ, ಸುರ್ಕಿ ಗಾರೆ. ಸುರ್ಕಿ ಅಂದರೆ ಸುಟ್ಟ ಜೇಡಿಮಣ್ಣಿನ ಪುಡಿ, ಇಟ್ಟಿಗೆ ಪುಡಿ ಅಂದುಕೊಳ್ಳಿ. ಅದಕ್ಕೆ ಸುಣ್ಣ ಸೇರಿಸಿ ಅರೆಯುತ್ತಿದ್ದರು. ಜೇಡಿಮಣ್ಣನ್ನು ಹದವಾಗಿ ಸುಟ್ಟರೆ ಅದಕ್ಕೆ ಸುಣ್ಣದ ಜೊತೆ ಸೇರಿ ಗಟ್ಟಿಯಾಗುವ ಗುಣ ಬರುತ್ತದೆ. ಹಾರುಬೂದಿ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ.

ಈಗ ‘ಎಲ್‌ಸಿ3’ ಅಂತ ಒಂದು ಹೊಸ ಸಿಮೆಂಟ್ ಬಗ್ಗೆ ಮಾತಾಡುತ್ತಿದ್ದಾರೆ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ತಾಂತ್ರಿಕ ವಿಶ್ವವಿದ್ಯಾಲಯ ಇಪಿಎಫ್‌ಎಲ್‌ನ ಕ್ಯಾರೆನ್ ಸ್ಕ್ರಿವೆನರ್ ಅವರ ತಂಡ, ಕ್ಯೂಬಾದ ವಿಜ್ಞಾನಿಗಳು, ನಮ್ಮ ದೆಹಲಿ, ಮದ್ರಾಸ್ ಮತ್ತು ಬಾಂಬೆ ಐಐಟಿಗಳು ಸೇರಿ ಬೆಳೆಸಿದ್ದು. ಸಾಮಾನ್ಯವಾಗಿ ಹೇಳುವ ಪ್ರಮಾಣ ಹೀಗಿದೆ: ಕ್ಲಿಂಕರ್ ಶೇ. 50, ಸುಟ್ಟ ಜೇಡಿಮಣ್ಣು ಶೇ. 30, ಸುಡದ ಸುಣ್ಣದಕಲ್ಲಿನ ಪುಡಿ ಶೇ. 15, ಜಿಪ್ಸಂ ಶೇ. 5. ಮಣ್ಣನ್ನು ಸುಡಲು 700ರಿಂದ 850 ಡಿಗ್ರಿ ಸಾಕು, ಕ್ಲಿಂಕರಿಗೆ ಬೇಕಾದ 1,450 ಬೇಡ. ಸುಣ್ಣದಕಲ್ಲನ್ನು ಸುಡದೆ ಪುಡಿ ಮಾಡಿಯೇ ಹಾಕುವುದರಿಂದ ಅದರೊಳಗಿನ ಅನಿಲ ಒಳಗೇ ಉಳಿಯುತ್ತದೆ. ಒಪಿಸಿಗೆ ಹೋಲಿಸಿದರೆ ಇಂಗಾಲದ ಡೈಆಕ್ಸೈಡ್ ಶೇ. 40ರವರೆಗೆ ಕಡಿಮೆ. 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಇದಕ್ಕೆ ಐಎಸ್ 18189 ಅಂತ ಪ್ರತ್ಯೇಕ ಮಾನಕವನ್ನೇ ತಂದಿತು.

ಬೂದಿ, ಕಿಟ್ಟ ಇದ್ದರೂ ಮಣ್ಣು ಯಾಕೆ ಬೇಕಾಯಿತು ಅಂದರೆ, ಬೂದಿ ಸಿಗಬೇಕಾದರೆ ಕಲ್ಲಿದ್ದಲು ಉರಿಯುತ್ತಲೇ ಇರಬೇಕು. ಕಲ್ಲಿದ್ದಲು ಬಿಡಬೇಕು ಅಂತ ಹೊರಟ ದೇಶಗಳಲ್ಲಿ ಬೂದಿಗೇ ಬರ ಬಂದಿದೆ. ಜೇಡಿಮಣ್ಣಿಗೆ ಆ ಹಂಗಿಲ್ಲ. ಹಳೇ ಗಾರೆಯವರು ‘ಸುರ್ಕಿ’ ಅಂತ ಸುಲಭವಾಗಿ ಕರೆದದ್ದನ್ನು ಈಗ ಎರಡು ಇಂಗ್ಲಿಷ್ ಅಕ್ಷರ ಒಂದು ಅಂಕಿ ಹಚ್ಚಿ ಕರೆಯುತ್ತಿದ್ದೇವೆ ಅನ್ನಿಸುತ್ತದೆ. ಪೂರ್ತಿ ಅದೇ ಅಲ್ಲ ಬಿಡಿ, ಎಲ್‌ಸಿ3ಯಲ್ಲಿ ಅರ್ಧ ಕ್ಲಿಂಕರೇ ಇದೆ. ಆದರೂ ವರಸೆಯಲ್ಲಿ ನೆಂಟರು.

ಹೊಣೆ ಅಂದರೆ ಏನು?

ಇನ್ನೊಂದು ಪದ ಇದೆ, ಕಂಪನಿಗಳ ಹಾಳೆಗಳಲ್ಲಿ ‘ಪ್ರಾಡಕ್ಟ್ ಸ್ಟೀವರ್ಡ್‌ಶಿಪ್’ ಅಂತ ಬರುತ್ತದೆ. ಕೇಳಲು ದೊಡ್ಡದು, ವಿಷಯ ಸರಳ. ಅಡುಗೆ ಗ್ಯಾಸ್ ನೆನಪಿಸಿಕೊಳ್ಳಿ. ಸಿಲಿಂಡರ್ ಮಾರಿದ ಮೇಲೂ ಅದರ ಮೇಲೆ ಮತ್ತೆ ಪರೀಕ್ಷೆಯಾಗಬೇಕಾದ ಅವಧಿ ಬರೆದಿರುತ್ತದೆ, ಹೇಗೆ ಬಳಸಬೇಕು ಅಂತ ಸೂಚನೆ ಇರುತ್ತದೆ, ಸೋರಿದರೆ ಫೋನ್ ಮಾಡಲು ನಂಬರ್ ಇರುತ್ತದೆ, ಖಾಲಿಯಾದರೆ ವಾಪಸ್ ತೆಗೆದುಕೊಂಡು ಹೋಗುತ್ತಾರೆ. ಮಾಲು ಗೇಟು ದಾಟಿದ ಮೇಲೂ ಹೊಣೆ ಬಿಡದಿರುವುದು, ಇಷ್ಟೇ. ಕಾಂಕ್ರೀಟಿಗೆ ಇದನ್ನು ಹಚ್ಚಿದರೆ ಗಣಿಯಿಂದ ಹಿಡಿದು ನಿಮ್ಮ ಮೊಮ್ಮಗ ಮನೆ ಒಡೆಸುವ ದಿನದವರೆಗೆ ಪ್ರತಿ ಹಂತದಲ್ಲೂ ಯಾರೋ ಒಬ್ಬರು ಉತ್ತರ ಹೇಳಬೇಕು.

ಕಲ್ಲು, ಮರಳಿನ ಹಂತ ಬೇಗ ಮುಗಿಸುತ್ತೇನೆ, ಎಲ್ಲರಿಗೂ ಗೊತ್ತಿರುವುದೇ. ನದಿ ಮರಳು ತೆಗೆದರೆ ಹೊಳೆಯ ನೀರು ಹಿಡಿದಿಡುವ ಪದರವೇ ಹೋಗುತ್ತದೆ, ಅಕ್ಕಪಕ್ಕದ ಬಾವಿ ಇಳಿಯುತ್ತದೆ. ಹಾಗಾಗಿ ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಬಂತು. ಎಂ-ಸ್ಯಾಂಡ್ ಬೇರೆ, ಕ್ರಶರ್ ಧೂಳು ಬೇರೆ. ಧೂಳು ಜಾಸ್ತಿ ಇದ್ದರೆ ಅದು ನೀರು ಕುಡಿಯುತ್ತದೆ, ನೀರು ಜಾಸ್ತಿ ಆದರೆ ತಾಕತ್ತು ಹೋಗುತ್ತದೆ. ಗಟ್ಟಿಯಾಗಲಿ ಅಂತ ಸಿಮೆಂಟ್ ಜಾಸ್ತಿ ಹಾಕಿದರೆ ಹೊಗೆ ಲೆಕ್ಕ ಮತ್ತೆ ಮೊದಲಿನ ಜಾಗಕ್ಕೇ ಬಂತು.

ಕಾರ್ಖಾನೆಯ ಹಂತದಲ್ಲಿ ಕಲ್ಲಿದ್ದಲಿನ ಬದಲು ಭತ್ತದ ಹೊಟ್ಟು, ಊರಿನ ಕಸದಲ್ಲಿ ಮರುಬಳಕೆಗೆ ಬಾರದ ಪ್ಲಾಸ್ಟಿಕ್ ಇವನ್ನೆಲ್ಲ ಕುಲುಮೆಗೆ ಹಾಕುತ್ತಾರೆ. ಆ ಬಿಸಿಗೆ ಪ್ಲಾಸ್ಟಿಕ್ ಪೂರ್ತಿ ಉರಿದು, ಬೂದಿ ಕೂಡ ಕ್ಲಿಂಕರಿನಲ್ಲೇ ಸೇರಿಹೋಗುತ್ತದೆ. ಆದರೆ ಚಿಮಣಿಯಿಂದ ಏನು ಹೊರಗೆ ಬರುತ್ತಿದೆ ಅಂತ ಅಳೆಯುತ್ತಲೇ ಇರಬೇಕು.

ಲಾರಿಯಿಂದ ಸೈಟಿನವರೆಗೆ

ನಮ್ಮ ಮನೆ ಕಟ್ಟುವಾಗ ನಡೆದದ್ದು ಹೇಳುತ್ತೇನೆ. ರೆಡಿಮಿಕ್ಸ್ ಲಾರಿ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ತಡವಾಗಿ ಬಂತು. ಕಾಂಕ್ರೀಟ್ ಆಗಲೇ ಬಿಗಿಯಾಗಿತ್ತು, ಪಂಪಿನಲ್ಲಿ ಹೋಗುತ್ತಿರಲಿಲ್ಲ. ಡ್ರೈವರ್ ಯಾರನ್ನೂ ಕೇಳದೆ ಹಿಂದಿನ ಪೈಪ್ ತೆಗೆದು ಡ್ರಮ್ಮಿನೊಳಕ್ಕೆ ನೀರು ಬಿಟ್ಟ. ಎರಡೇ ನಿಮಿಷ. ಕಾಂಕ್ರೀಟ್ ಮಜ್ಜಿಗೆಯ ಹಾಗೆ ಸಲೀಸಾಗಿ ಇಳಿಯಿತು, ಎಲ್ಲರಿಗೂ ಖುಷಿ. ನನಗೂ ಖುಷಿಯೇ, ಆಗ ಗೊತ್ತಿರಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಕಾಂಕ್ರೀಟ್ ಬಿದ್ದ ಮೂಲೆಯಲ್ಲೇ ಚಾವಣಿ ಬೆವರಲು ಶುರುವಾಯಿತು.

ಕಾರಣ ಇಷ್ಟು. ಸಿಮೆಂಟಿಗೆ ರಾಸಾಯನಿಕ ಕೆಲಸಕ್ಕೆ ಬೇಕಾದ ನೀರು ಅದರ ತೂಕದ ಕಾಲು ಭಾಗದಷ್ಟು. ಕಲಸಲು, ಹರಡಲು ಸಲೀಸಾಗಲಿ ಅಂತ ಅರ್ಧದವರೆಗೆ ಹಾಕುತ್ತೇವೆ, ಅಂದರೆ 50 ಕೆಜಿ ಚೀಲಕ್ಕೆ 25 ಲೀಟರ್. ಒಂದು ಕುಡಿಯುವ ನೀರಿನ ಕ್ಯಾನಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮರಳು ಹಸಿ ಇದ್ದರೆ ಆ ನೀರನ್ನೂ ಇದರಲ್ಲೇ ಕಳೆಯಬೇಕು. ಇದಕ್ಕಿಂತ ಮೇಲೆ ಹೋದ ನೀರು ಒಂದಲ್ಲ ಒಂದು ದಿನ ಆವಿಯಾಗಿ ಹೊರಗೆ ಹೋಗುತ್ತದೆ, ಅದಿದ್ದ ಜಾಗ ತೂತಾಗಿ ಉಳಿಯುತ್ತದೆ. ಸಲೀಸಾಗಿ ಹರಿಯಬೇಕು ಅಂದರೆ ನೀರಿನ ಬದಲು ಅಡ್ಮಿಕ್ಸ್ಚರ್ ಅನ್ನುವ ದ್ರವ ಇದೆ, ಅದನ್ನೂ ಲೆಕ್ಕ ಹಾಕಿ ಕಂಪನಿಯವರೇ ಹಾಕಬೇಕು. ಲೋಡ್ ಆದ ಎರಡು ಗಂಟೆಯೊಳಗೆ ಕಾಂಕ್ರೀಟ್ ಇಳಿಸಬೇಕು ಅಂತ ರೆಡಿಮಿಕ್ಸ್ ಮಾನಕ ಐಎಸ್ 4926ರಲ್ಲೇ ಇದೆ. ಲಾರಿ ಹೊರಟ ಹೊತ್ತು ಚಲನ್‌ನಲ್ಲಿ ಬರೆದಿರುತ್ತದೆ. ಅದನ್ನು ನೋಡಲು ಇಂಜಿನಿಯರ್ ಆಗಬೇಕಿಲ್ಲ, ಗಡಿಯಾರ ನೋಡಲು ಬಂದರೆ ಸಾಕು.

ಪರಿಸರಕ್ಕೂ ಇದಕ್ಕೂ ಏನು ಸಂಬಂಧ ಅನ್ನಬಹುದು. ಮೂವತ್ತು ವರ್ಷಕ್ಕೆ ಕಂಬಿ ಕಿತ್ತು ಬರುವ ಚಾವಣಿಗೂ ಅರವತ್ತು ವರ್ಷ ನಿಲ್ಲುವ ಚಾವಣಿಗೂ ಸುಟ್ಟ ಸುಣ್ಣದಕಲ್ಲು ಒಂದೇ. ವರ್ಷಕ್ಕೆ ಹಂಚಿದರೆ ಹೊಗೆ ಅರ್ಧ. ಗ್ರೀನ್ ಅನ್ನುವ ಚೀಟಿ ಅಂಟಿಸದೇ ಇದ್ದರೂ ಚೆನ್ನಾಗಿ ಕಲಸಿ, ಚೆನ್ನಾಗಿ ನೀರು ಹೊಡೆದ ಕಾಂಕ್ರೀಟ್ ಹಸಿರಾಗುವುದು ಹೀಗೆ.

ಈ ಹಂತದಲ್ಲಿ ಯಾರೂ ಮಾತಾಡದ ಒಂದು ಹೊಣೆ ಕೆಲಸದವರ ಕೈಕಾಲಿನದು. ಹಸಿ ಕಾಂಕ್ರೀಟಿನ ಪಿಎಚ್ 12ರಿಂದ 13, ಅಂದರೆ ಭಾರೀ ಕ್ಷಾರ. ಮೋಲ್ಡ್ ದಿನ ಬರಿಗಾಲಿನಲ್ಲಿ ನಿಂತು ಬಾಂಡ್ಲಿ ಎತ್ತಿದವರ ಕಾಲ್ಬೆರಳ ಸಂದುಗಳನ್ನು ಸಂಜೆ ನೋಡಿ. ಚರ್ಮ ಬಿಳಚಿಕೊಂಡು, ಸಣ್ಣ ಸಣ್ಣ ಗುಳಿ ಬಿದ್ದಿರುತ್ತವೆ. ‘ಸಿಮೆಂಟ್ ತಿಂದಿದೆ’ ಅಂತ ಹೇಳಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾರೆ. ತಿಂದಿರುವುದು ನಿಜವೇ, ಅದು ಸುಟ್ಟ ಗಾಯ. ತಕ್ಷಣ ನೋವು ಗೊತ್ತಾಗದಿರುವುದೇ ಅದರ ಅಪಾಯ. ರಬ್ಬರ್ ಗಂಬೂಟು, ಕೈಗವಸು, ತಾಗಿದ ಕೂಡಲೇ ತೊಳೆಯಲು ಒಂದು ಡ್ರಮ್ ಒಳ್ಳೆ ನೀರು, ಇಷ್ಟಿದ್ದರೆ ಬಹುಪಾಲು ತಪ್ಪುತ್ತದೆ. ಗಟ್ಟಿ ಕಾಂಕ್ರೀಟನ್ನು ಕೊರೆಯುವಾಗ, ಕತ್ತರಿಸುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ವರ್ಷಗಟ್ಟಲೆ ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ, ಬಂದರೆ ವಾಸಿಯಾಗದ ಕಾಯಿಲೆ. ನೀರು ಚಿಮುಕಿಸುತ್ತಾ ಕತ್ತರಿಸಿದರೆ ಧೂಳು ಏಳುವುದು ಬಹಳ ಕಡಿಮೆಯಾಗುತ್ತದೆ. ಸರಿಯಾದ ಕಂಪನಿಗಳು ಇದನ್ನೆಲ್ಲ ‘ಸೇಫ್ಟಿ ಡೇಟಾ ಶೀಟ್’ ಅಂತ ಬರೆದು ಕೊಡುತ್ತವೆ. ಅದು ಇಂಗ್ಲಿಷಿನಲ್ಲಿ ಕಚೇರಿಯ ಫೈಲಿನಲ್ಲಿ ಇರುತ್ತದೆ, ಕೆಲಸ ಮಾಡುವವರು ರಾಯಚೂರು, ಯಾದಗಿರಿಯಿಂದಲೋ ಬಿಹಾರದಿಂದಲೋ ಬಂದಿರುತ್ತಾರೆ. ಓದಿ ಹೇಳುವವರು ಯಾರು?

ಆಮೇಲೆ ಲಾರಿ ತೊಳೆದ ನೀರು. ಬೀದಿ ಚರಂಡಿಗೆ ಬಿಟ್ಟ ಆ ಬೂದು ನೀರು ಕೂಡ ಅಷ್ಟೇ ಕ್ಷಾರ, ಕೆರೆಗೆ ಸೇರಿದರೆ ಮೀನಿಗೆ ಕುತ್ತು, ಮೋರಿಯಲ್ಲಿ ಕೂತರೆ ಕಲ್ಲಾಗುತ್ತದೆ. ಪ್ಲಾಂಟಿಗೆ ವಾಪಸ್ ಹೋಗಿ ತೊಟ್ಟಿಯಲ್ಲಿ ತೊಳೆದು, ಮರಳು ಜಲ್ಲಿ ಬೇರೆ ಮಾಡಿ, ನೀರನ್ನು ಮತ್ತೆ ಬಳಸುವುದು ಸರಿಯಾದ ಪದ್ಧತಿ.

ಒಡೆದ ಮೇಲೆ

ಬೆಂಗಳೂರಿನ ಯಾವುದೇ ಬಡಾವಣೆಯ ಖಾಲಿ ಸೈಟ್, ರಾಜಕಾಲುವೆಯ ಅಂಚು ನೋಡಿ. ರಾತ್ರೋರಾತ್ರಿ ಟ್ರ್ಯಾಕ್ಟರಿನಲ್ಲಿ ಬಂದು ಬೀಳುವ ಡೆಬ್ರಿ ರಾಶಿ ಇದ್ದೇ ಇರುತ್ತದೆ. ಅದು ಕಸ ಅಲ್ಲ, ಒಡೆದ ಜಲ್ಲಿ. ದೆಹಲಿಯ ಬುರಾರಿಯಲ್ಲಿ 2009ರಿಂದಲೇ ಇದನ್ನು ಪುಡಿ ಮಾಡಿ ಬಳಸುವ ಘಟಕ ಇದೆ. ಐಎಸ್ 383 ಮಾನಕದ 2016ರ ಆವೃತ್ತಿ ಹಳೇ ಕಾಂಕ್ರೀಟಿನ ಜಲ್ಲಿಯನ್ನು ಕಂಬಿ ಇಲ್ಲದ ಕಾಂಕ್ರೀಟಿನಲ್ಲಿ ಶೇ. 25ರವರೆಗೆ, ಎಂ25ರವರೆಗಿನ ಆರ್‌ಸಿಸಿಯಲ್ಲಿ, ಅಂದರೆ ಕಂಬಿ ಹಾಕಿದ ಕಾಂಕ್ರೀಟಿನಲ್ಲಿ, ಶೇ. 20ರವರೆಗೆ, ನೆಲದಡಿ ಹಾಕುವ, ಸಿಮೆಂಟ್ ಕಡಿಮೆ ಇರುವ ಬಡ ಕಾಂಕ್ರೀಟಿನಲ್ಲಿ ಪೂರ್ತಿ 100ರಷ್ಟು ಬಳಸಲು ಒಪ್ಪುತ್ತದೆ. ಮಿತಿ ಯಾಕೆಂದರೆ ಹಳೇ ಜಲ್ಲಿಗೆ ಹಳೇ ಗಾರೆ ಅಂಟಿಕೊಂಡಿರುತ್ತದೆ, ಅದು ನೀರು ಹೀರುತ್ತದೆ.

ಈ ಡೆಬ್ರಿಗೆ 2016ರಿಂದ ನಿಯಮ ಇತ್ತು. 2025ರಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ತಂದು 2026ರ ಏಪ್ರಿಲ್ 1ರಿಂದ ಜಾರಿ ಅಂತ ಗೊತ್ತುಮಾಡಿತು. ಅದರಲ್ಲಿ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡ ಕಟ್ಟುವವರ ಮೇಲೆ ಅವರ ಕಟ್ಟಡದ ತ್ಯಾಜ್ಯ ಮರುಬಳಕೆಯಾಗುವವರೆಗಿನ ಹೊಣೆ ಹಾಕಲಾಗಿದೆ. ಚಿಕ್ಕಪ್ಪನ ಮೂವತ್ತು ನಲವತ್ತರ ಸೈಟು ಇದರ ಹತ್ತಿರಕ್ಕೂ ಬರುವುದಿಲ್ಲ. ಹಾಗಂತ ಅವರ ಹಳೇ ಮನೆಯ ಡೆಬ್ರಿಯನ್ನು ಟ್ರ್ಯಾಕ್ಟರಿನವನು ಎಲ್ಲಿ ಸುರಿದ ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ. ಅರ್ಧ ಇಟ್ಟಿಗೆ ತುಂಡು ಮಾತ್ರ ತಳಪಾಯದ ಗುಂಡಿ ತುಂಬಲು ಬಳಸಿದ್ದರು.

ಹಾಳೆ ಕೊಟ್ಟ ಹುಡುಗನನ್ನು ಏನು ಕೇಳಬೇಕು

‘ಗ್ರೀನ್’ ಅನ್ನುವುದಕ್ಕೆ ಒಂದೇ ಅಳತೆ ಇಲ್ಲ, ಯಾರು ಬೇಕಾದರೂ ಬರೆದುಕೊಳ್ಳಬಹುದು. ಹಾಗಾಗಿ ಬಿಸ್ಕತ್ ಪೊಟ್ಟಣದ ಹಿಂದೆ ಸಕ್ಕರೆ ಎಷ್ಟು, ಕೊಬ್ಬು ಎಷ್ಟು ಅಂತ ನೋಡುವ ಹಾಗೆ ಇದಕ್ಕೂ ಒಂದು ಪಟ್ಟಿ ಇದೆ, ಇಪಿಡಿ ಅನ್ನುತ್ತಾರೆ. ಒಂದು ಘನ ಮೀಟರ್ ಕಾಂಕ್ರೀಟಿಗೆ ಎಷ್ಟು ಇಂಗಾಲ, ಎಷ್ಟು ನೀರು, ಎಷ್ಟು ಶಕ್ತಿ ಹೋಯಿತು ಅಂತ ಹೊರಗಿನವರು ಪರಿಶೀಲಿಸಿದ ಲೆಕ್ಕ. ದೊಡ್ಡ ಪ್ರಾಜೆಕ್ಟಿನವರು ಇದನ್ನು ಕೇಳುತ್ತಾರೆ. ನಾವು ಅಷ್ಟು ಕೇಳದಿದ್ದರೂ ಮಿಕ್ಸ್ ಡಿಸೈನ್ ಹಾಳೆ ಕೇಳಬಹುದು. ಒಪಿಸಿ ಎಷ್ಟು ಕೆಜಿ, ಬೂದಿ ಅಥವಾ ಕಿಟ್ಟ ಎಷ್ಟು ಕೆಜಿ, ನೀರು ಎಷ್ಟು, ಅದರಲ್ಲಿ ಬರೆದಿರಲೇಬೇಕು. ರೆಡಿಮಿಕ್ಸ್ ಪ್ಲಾಂಟಿನಲ್ಲಿ ಸಿಮೆಂಟಿಗೆ ಒಂದು, ಬೂದಿಗೆ ಒಂದು ಅಂತ ಬೇರೆ ಬೇರೆ ಸೈಲೋ (ಪುಡಿ ತುಂಬಿಡುವ ಎತ್ತರದ ತೊಟ್ಟಿ) ಇರುತ್ತವೆ, ತೂಕ ಮಾಡಿಯೇ ಬೆರೆಸುತ್ತಾರೆ. ಸಂಖ್ಯೆ ಕೊಡಲು ತಡವರಿಸಿದರೆ ಅವರ ಹಸಿರು ಬರೀ ಹಾಳೆಯ ಬಣ್ಣ.

ಚಿಕ್ಕಪ್ಪ ಕೇಳಿದರಂತೆ. ಹುಡುಗ ಮೊದಲು ತಬ್ಬಿಬ್ಬಾಗಿ, ಮರುದಿನ ಹಾಳೆ ತಂದುಕೊಟ್ಟನಂತೆ. ಎಂ25, ಬೂದಿ ಬೆರೆತದ್ದೇ ಹಾಕಿಸಿದರು. ಲಾರಿ ಬಂದಾಗ ಚಲನ್ ಹಿಡಿದು ವಾಚ್ ನೋಡುತ್ತಾ ನಿಂತಿದ್ದರು ಅಂತ ಚಿಕ್ಕಮ್ಮ ನಗುತ್ತಾ ಹೇಳಿದರು. ಚಾವಣಿ ಮೇಲೆ ಗಾರೆಯ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದಾರೆ. ಏಳನೇ ದಿನ ಮೇಸ್ತ್ರಿ ಸಾಕು ಅಂದಿದ್ದಕ್ಕೆ, ಇದು ಬೂದಿದು, ಇನ್ನೂ ಮೂರು ದಿನ ಇದೆ ಅಂತ ಇವರೇ ಅವನಿಗೆ ಪಾಠ ಮಾಡಿದ್ದಾರೆ. ಲಾರಿಯಿಂದ ತೆಗೆದ ಮೂರು ಕ್ಯೂಬ್ ಲ್ಯಾಬಿನ ತೊಟ್ಟಿಯಲ್ಲಿವೆ. ಬರುವ ಮಂಗಳವಾರ 28ನೇ ದಿನ.